ಕೊಟ್ಟಿಗೆಯಿಂದ ಗೂಡಿನ ಮಾರ್ಕೆಟ್ಟಿಗೆ

ಸೋದರಿಯರೆ, ನಿಮ್ಮ ಮನೆಯ ಕೊಟ್ಟಿಗೆಯಲ್ಲೋ ಹಿತ್ತಿಲ ಮಾಡಿನ ಕೆಳಗೋ ಗೋಣಿತಾಟು ಹೊದ್ದುಕೊಂಡ ಹಳೆಯ ಮೋಟಾರ್ ಸೈಕಲ್ಲು ನಿಂತಿದೆಯೇ? ಅದರ ಸೀಟಿನ ಮೇಲೆ ಕೋಳಿ ಕಾವಿಗೆ ಕೂರುತ್ತಿದೆಯೇ? ಹಾಗಿದ್ದರೆ ಗುಜರಿಯವನನ್ನು ಕೂಗುವ ಮುಂಚೆ ಇದನ್ನೊಮ್ಮೆ ಓದಿಬಿಡಿ. ಗಂಡಸರ ಗಾಡಿ ವಿಷಯ ನಮಗೇಕೆ ಅನ್ನಬೇಡಿ. ಓದುತ್ತ ಹೋದರೆ ಇದರಲ್ಲಿ ನಿಮಗೆ ಗೊತ್ತಿರುವುದೇ ಹೆಚ್ಚು ಎಂದು ನಿಮಗೇ ತಿಳಿಯುತ್ತದೆ.

ನಾನು ಹೇಳುತ್ತಿರುವುದು ಜಾವಾ ಗಾಡಿಯ ಸಮಾಚಾರ. ಚೆಕೊಸ್ಲೊವಾಕಿಯಾ ದೇಶದಲ್ಲಿ 1929ರಲ್ಲಿ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡುಕೊಂಡ. ತನ್ನ ಹೆಸರಿನ ಮೊದಲಕ್ಷರಕ್ಕೆ ಆ ಹೆಸರಿನ ಮೊದಲಕ್ಷರ ಸೇರಿಸಿದ. ಅವರ ಬಾಯಲ್ಲಿ ‘ಯಾವಾ’, ನಮ್ಮ ಬಾಯಲ್ಲಿ ‘ಜಾವಾ’. ಆ ಗಾಡಿ ನಮ್ಮ ಮೈಸೂರಿಗೆ ಬಂದದ್ದು ಇರಾನಿ ಮನೆತನದವರಿಂದ. 1960ರಲ್ಲಿ ‘ಐಡಿಯಲ್ ಜಾವಾ’ ಸ್ಥಾಪನೆಯಾಗಿ ಯಾದವಗಿರಿಯಲ್ಲಿ ಕಾರ್ಖಾನೆ ಎದ್ದಿತು. ಅದನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. 1970ರ ದಶಕದಲ್ಲಿ ಅದೇ ಕಾರ್ಖಾನೆಯ ಗಾಡಿಗಳಿಗೆ ‘ಯೆಜ್ಡಿ’ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. 2018ರಿಂದ ಜಾವಾ ಹೆಸರಿನಲ್ಲಿ ಮತ್ತೆ ಗಾಡಿಗಳು ಬರುತ್ತಿವೆ ನಿಜ. ಆದರೆ ಅವು ಫೋರ್ ಸ್ಟ್ರೋಕ್ ಗಾಡಿಗಳು. ಹಳೆಯದು ಟೂ ಸ್ಟ್ರೋಕು. ಅದರ ಸದ್ದೇ ಬೇರೆ, ಹೊಗೆಯೇ ಬೇರೆ.

ನಮ್ಮದು ಚನ್ನಪಟ್ಟಣದ ಕಡೆಯ ಬೈರಾಪಟ್ಟಣ. ರೇಷ್ಮೆ ಹುಳು ಸಾಕುವ ಮನೆ. ಮಾವನವರು 1971ರ ಜಾವಾವೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. ಶೋಕಿಗಲ್ಲ, ಗೂಡು ಸಾಗಿಸುವುದಕ್ಕೆ. ಹುಳು ಗೂಡು ಕಟ್ಟಿದ ಆರೇಳು ದಿನಕ್ಕೆ ಚಂದ್ರಿಕೆಯಿಂದ ಬಿಡಿಸಿ ಮಾರ್ಕೆಟ್ಟು ಸೇರಿಸಬೇಕು. ತಡವಾದರೆ ಒಳಗಿನ ಜೀವ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ಆ ಗೂಡಿನಿಂದ ನೂಲು ಬಿಚ್ಚುವ ಹಾಗಿಲ್ಲ. ಚೀಲಕ್ಕೆ ಒತ್ತಿ ತುಂಬುವ ಹಾಗೂ ಇಲ್ಲ, ಬೆವೆತು ಕೆಡುತ್ತದೆ. ಆದ್ದರಿಂದ ಕೋಳಿ ಕೂಗುವ ಹೊತ್ತಿಗೇ ಮಾವನವರು ಹಗುರಾಗಿ ತುಂಬಿದ ಚೀಲ ಕಟ್ಟಿಕೊಂಡು ರಾಮನಗರಕ್ಕೆ ಹೊರಟುಬಿಡುತ್ತಿದ್ದರಂತೆ. ಹುಳುಮನೆ ಹತ್ತಿರ ಮಾತ್ರ ಗಾಡಿ ಸ್ಟಾರ್ಟ್ ಮಾಡಲು ಅತ್ತೆ ಬಿಡುತ್ತಿರಲಿಲ್ಲ. ಹುಳುವಿಗೆ ಹೊಗೆ ಆಗದಲ್ಲ! ಬೀದಿ ಕೊನೆಯ ತನಕ ತಳ್ಳಿಕೊಂಡು ಹೋಗಿಯೇ ಕಿಕ್ ಹೊಡೆಯಬೇಕಿತ್ತು.

ಮಾವನವರು ತೀರಿಕೊಂಡು ಹದಿನೆಂಟು ವರ್ಷ. ಅಷ್ಟೂ ವರ್ಷ ಗಾಡಿ ಕೊಟ್ಟಿಗೆಯಲ್ಲಿತ್ತು. ಜಾಗ ಬೇಕಾಗಿ ನಮ್ಮ ಯಜಮಾನರು ಗುಜರಿಯವನನ್ನು ಕರೆಸಿದರು. ಅವನು ಕಬ್ಬಿಣದ ತೂಕದ ಲೆಕ್ಕ ಹೇಳಿದ. ಅತ್ತೆ ಒಳಗಿನಿಂದಲೇ, “ತೂಕುಕ್ಕೆ ಹಾಕೋದಾದ್ರೆ ನನ್ನೂ ಒಂದ್ ತಟ್ಟೇಲಿ ಕೂರಿಸ್ಬುಡ್ರಪ್ಪ” ಎಂದರು. ಅವನು ಚಹಾ ಕುಡಿದು ಎದ್ದುಹೋದ.

ಆಮೇಲೆ ಅತ್ತೆ ಟ್ರಂಕಿನಿಂದ ಆರ್.ಸಿ. ಪುಸ್ತಕ ತೆಗೆದು ಕೊಟ್ಟರು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರಲ್ಲಿ. ಇದು ಅದಕ್ಕೂ ಮುಂಚಿನದು, ‘ಎಂ.ವೈ.’ ಎಂದು ಶುರುವಾಗುವ ಮೈಸೂರು ರಾಜ್ಯದ ನಂಬರು. ಒಡವೆ ಕಾಗದದ ಜೊತೆಗೆ ಜೋಪಾನವಾಗಿತ್ತು. ಯಜಮಾನರಿಗೆ ಮನಸ್ಸು ಕರಗಿತು. ಆದರೆ ದುಡ್ಡು? ನನ್ನ ಚೀಟಿ ದುಡ್ಡು ಬರುವುದಿತ್ತು. ಬಟ್ಟೆ ಒಗೆಯುವ ಮಿಷನ್ನಿಗೆಂದು ಎರಡು ವರ್ಷ ಕಟ್ಟಿದ್ದೆ. ಹೇಳಿದರೆ ನೀವು ನಂಬಬೇಕು, ಒಂದು ವಾರ ನಾನು ಮುಖ ಕೊಟ್ಟು ಮಾತಾಡಲಿಲ್ಲ. ಅತ್ತೆ ಒಂದು ಮಾತೂ ಒತ್ತಾಯಿಸಲಿಲ್ಲ. ದಿನಾ ಸಂಜೆ ಹೋಗಿ ಗೋಣಿತಾಟಿನ ಧೂಳು ಕೊಡವಿ ಬರುತ್ತಿದ್ದರು, ಅಷ್ಟೆ. ಕೊನೆಗೆ ನಾನೇ ದುಡ್ಡು ತಂದು ಯಜಮಾನರ ಕೈಗಿಟ್ಟೆ.

ಈಗ ರಿಪೇರಿಯ ವಿಷಯಕ್ಕೆ ಬರೋಣ. ಟೂ ಸ್ಟ್ರೋಕ್ ಅಂದರೆ ಹೆದರಬೇಡಿ. ಫೋರ್ ಸ್ಟ್ರೋಕ್ ಇಂಜಿನ್ನಿನ ಚಕ್ರ ಎರಡು ಸುತ್ತು ತಿರುಗಿದಾಗ ಒಂದು ಸಲ ಬೆಂಕಿ ಹೊತ್ತುತ್ತದೆ. ಇದರಲ್ಲಿ ಪ್ರತಿ ಸುತ್ತಿಗೂ ಒಂದು ಸಲ. ಇದಕ್ಕೆ ವಾಲ್ವುಗಳ ಗೊಡವೆ ಇಲ್ಲ. ಪಿಸ್ಟನ್ನಿಗೆ ಬೇಕಾದ ಜಿಡ್ಡು ಪೆಟ್ರೋಲಿನ ಜೊತೆಗೇ ಹೋಗಬೇಕು, ಅದಕ್ಕೇ ಪೆಟ್ರೋಲಿಗೆ ಆಯಿಲ್ ಬೆರೆಸುವುದು. ಒಗ್ಗರಣೆಗೆ ಎಣ್ಣೆ ಕಡಿಮೆಯಾದರೆ ತಳ ಹಿಡಿಯುವಂತೆ, ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಹೊಗೆ, ಪ್ಲಗ್ಗಿಗೆ ಮಸಿ.

ಬಹಳ ವರ್ಷ ನಿಂತ ಗಾಡಿಯಲ್ಲಿ ಕೆಡುವುದು ಏನೇನು ಗೊತ್ತೆ? ಕಾರ್ಬುರೇಟರಿನೊಳಗೆ ಹಳೇ ಪೆಟ್ರೋಲು ಅಂಟಾಗಿ ಜೆಟ್ಟಿನ ಸಣ್ಣ ತೂತು ಮುಚ್ಚಿರುತ್ತದೆ. ಪಂಪ್ ಸ್ಟೋವಿನ ನಿಪ್ಪಲ್ಲಿಗೆ ಪಿನ್ನು ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಜಿನ್ನಿನ ರಬ್ಬರ್ ಸೀಲುಗಳು ಒಣಗಿ ಬಿರುಕು ಬಿಟ್ಟಿರುತ್ತವೆ. ಜಾವಾಗೆ ಒಂದೇ ಸಿಲಿಂಡರಾದರೂ ಸೈಲೆನ್ಸರ್ ಎರಡು. ಆ ಎರಡರೊಳಗೂ ತಳ ಹತ್ತಿದ ಬಾಣಲೆಯಂತೆ ಕರಿ ಕಟ್ಟಿರುತ್ತದೆ. ಸೀಲು, ಪಾಯಿಂಟು, 6 ವೋಲ್ಟಿನ ಬ್ಯಾಟರಿ ಎಲ್ಲವನ್ನೂ ಚನ್ನಪಟ್ಟಣದ ಹಿರಿಯ ಮೆಕ್ಯಾನಿಕ್ಕೊಬ್ಬರು ಮೈಸೂರಿನಿಂದಲೂ ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೂ ಹುಡುಕಿ ತರಿಸಿದರು. ತುಕ್ಕು ಹಿಡಿದ ನಟ್ಟು ಬೋಲ್ಟುಗಳು ನಮ್ಮ ಪಾಲಿಗೆ ಬಂದವು. ಹಿತ್ತಾಳೆ ಚೊಂಬು ಬೆಳಗುವ ಹುಣಸೆಹಣ್ಣಿದೆಯಲ್ಲ, ಅದರ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ತಂತಿ ಬ್ರಷ್ಷಿನಿಂದ ತಿಕ್ಕಿ, ಸೋಡಾಪುಡಿ ನೀರಿನಲ್ಲಿ ಜಾಲಿಸಿ, ಒರೆಸಿ ಎಣ್ಣೆ ಸವರಿದೆವು. ಮೆಕ್ಯಾನಿಕ್ಕು ನೋಡಿ, “ಹೊಸದು ಕೊಂಡ್ರಾ?” ಎಂದರು!

ಇನ್ನೊಂದು ಸಂಗತಿ. ಅವರ ಜೊತೆಗಿದ್ದ ಹುಡುಗ ಲೀಟರಿಗೆ 20 ಮಿಲಿ ಆಯಿಲ್ ಹಾಕಲು ಹೊರಟ. ಈಚಿನ ಟೂ ಸ್ಟ್ರೋಕ್ ಗಾಡಿಗಳ ಲೆಕ್ಕ ಅದು. ಅತ್ತೆ, “ನಮ್ ಗಾಡಿಗೆ ಲೀಟರಿಗೆ ಎರಡು ಒಳಲೆ ಕಣಪ್ಪ” ಎಂದು ಒಳಗಿನಿಂದ ಹಳೆಯ ಹಿತ್ತಾಳೆ ಒಳಲೆ ತಂದರು. ನಮ್ಮೆಜಮಾನರಿಗೆ ಹಾಲು ಕುಡಿಸಿದ ಒಳಲೆ, ಆಮೇಲೆ ಆಯಿಲಿನದಾಗಿತ್ತಂತೆ. ಅಳೆದು ನೋಡಿದರೆ ಎರಡು ಒಳಲೆಗೆ ಸರಿಯಾಗಿ 40 ಮಿಲಿ. ಇಪ್ಪತ್ತೈದಕ್ಕೆ ಒಂದು, ಆ ಕಾಲದ ಜಾವಾದ ಲೆಕ್ಕವೂ ಅದೇ. ಅಷ್ಟೂ ವರ್ಷ ಗಾಡಿಗೆ ಆಯಿಲ್ ಬೆರೆಸುತ್ತಿದ್ದವರು ಅತ್ತೆಯೇ ಎಂದು ನನಗೆ ಗೊತ್ತಾದದ್ದು ಅವತ್ತು.

ಎಂಟು ತಿಂಗಳಾದ ಮೇಲೆ ಗಾಡಿ ಉಸಿರಾಡಿತು. ಜಾವಾದಲ್ಲಿ ಕಿಕ್ಕರೂ ಗೇರೂ ಒಂದೇ ಕೋಲು. ಎತ್ತಿ ಒದ್ದರೆ ಸ್ಟಾರ್ಟು, ಮಡಚಿದರೆ ಗೇರು. ಚೈನು ಪೂರ್ತಿ ಡಬ್ಬಿಯೊಳಗೆ ಮುಚ್ಚಿರುವುದರಿಂದ ಸೆರಗಿಗೆ ಜಿಡ್ಡು ತಾಗುವ ಭಯವಿಲ್ಲ. ಹಿಂದಿನ ಚಕ್ರಕ್ಕೆ ಸೀರೆ ಗಾರ್ಡನ್ನೂ ಹೆಂಗಸರು ಕಾಲಿಡುವ ಮೆಟ್ಟಿಲನ್ನೂ ಮತ್ತೆ ಕೂರಿಸಿದೆವು.

ಮೊದಲ ಸವಾರಿ ದೊಡ್ಡಮಳೂರಿಗೆ ಎಂದು ನಾವು ಅಂದುಕೊಂಡಿದ್ದೆವು. ಅಪ್ರಮೇಯಸ್ವಾಮಿಗೂ ಅಂಬೆಗಾಲು ಕೃಷ್ಣನಿಗೂ ಕೈಮುಗಿದು ಬರೋಣವೆಂದು. ಅತ್ತೆ, “ದೇವ್ರು ಎಲ್ಲೂ ಹೋಗಲ್ಲ. ನನ್ನ ಗೂಡಿನ ಮಾರ್ಕೆಟ್ಟಿಗೆ ಕರ್ಕೊಂಡೋಗು ಮಗ” ಎಂದರು. ನಲವತ್ತು ವರ್ಷ ಹುಳು ಸಾಕಿದವರು, ನಡುರಾತ್ರಿ ಎದ್ದು ಸೊಪ್ಪು ಹಾಕಿದವರು, ತಾವು ಬೆಳೆದ ಗೂಡು ಮಾರುವ ಜಾಗವನ್ನು ಒಂದು ದಿನವೂ ಕಂಡವರಲ್ಲ! ನಮ್ಮ ಕಡೆ ಮಾರ್ಕೆಟ್ಟು ಅಂದರೆ ಗಂಡಸರದು.

ಸರಿ, ಬೆಳಗಿನ ಜಾವ ಹೊರಟೆವು. ಯಜಮಾನರ ಹಿಂದೆ ಅತ್ತೆ, ತಲೆಗೆ ಹೆಲ್ಮೆಟ್ಟು, ಒಂದೇ ಪಕ್ಕಕ್ಕೆ ಕೂತು ಸೀಟಿನ ಹಿಡಿ ಗಟ್ಟಿಯಾಗಿ ಹಿಡಿದಿದ್ದರು. ಹಿಂದೆ ಮಗಳ ಸ್ಕೂಟರಿನಲ್ಲಿ ನಾನು. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಬಂದ ಮೇಲೆ ಕಾರುಗಳೆಲ್ಲ ಊರ ಹೊರಗಿಂದಲೇ ಓಡುತ್ತವೆ. ಆ ವರ್ಷದ ಆಗಸ್ಟ್ 1ರಿಂದ ಅದರ ಮೇಲೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಅದರಿಂದ ನಮಗೆ ಲಾಭವೇ ಆಯಿತೆನ್ನಿ. ಚನ್ನಪಟ್ಟಣದಿಂದ ರಾಮನಗರಕ್ಕೆ ಹನ್ನೆರಡು ಕಿಲೋಮೀಟರಿನಷ್ಟು ಹಳೇ ರಸ್ತೆ ಹಳೇ ಗಾಡಿಗೆ ಹೇಳಿ ಮಾಡಿಸಿದಂತಿದೆ. ಅರಗು ಬಣ್ಣದ ಗೊಂಬೆ ಅಂಗಡಿಗಳು ಇನ್ನೂ ಬಾಗಿಲು ತೆಗೆದಿರಲಿಲ್ಲ. ದೂರದಲ್ಲಿ ರಾಮದೇವರ ಬೆಟ್ಟದ ಬಂಡೆಗಳಿಗೆ ಬಿಸಿಲು ಹತ್ತುತ್ತಿತ್ತು. 1975ರಲ್ಲಿ ಬಂದ ‘ಶೋಲೆ’ ಚಿತ್ರ ತೆಗೆದದ್ದು ಅಲ್ಲೇ ಅಲ್ಲವೇ! ಅದರಲ್ಲಿ ಗೆಳೆಯರಿಬ್ಬರು ಹಾಡುತ್ತ ಓಡಿಸುವ ತೊಟ್ಟಿಲು ಗಾಡಿ ಇಂಗ್ಲೆಂಡಿನ ಬಿ.ಎಸ್.ಎ. ನಮ್ಮದು ಮೈಸೂರಿನದು, ಜಂಬ ನಮಗೇ ಜಾಸ್ತಿ.

ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರು ಪಡೆದದ್ದು. ಸಾಲುಸಾಲಾಗಿ ಹಳದಿ ಗೂಡು, ಬಿಳಿ ಗೂಡು. ಕೂಗು ಹರಾಜಿನ ಕಾಲ ಹೋಗಿ ಈಗ ಇ-ಹರಾಜು ಬಂದಿದೆ. ಅತ್ತೆ ಸುಮ್ಮನೆ ಸಾಲಿನ ಉದ್ದಕ್ಕೂ ನಡೆದರು. ಒಂದು ಕಡೆ ನಿಂತು, ಗೂಡೊಂದನ್ನು ಎತ್ತಿ ಬೆರಳಲ್ಲಿ ಒತ್ತಿದರು, ಕಿವಿಯ ಹತ್ತಿರ ಅಲ್ಲಾಡಿಸಿದರು. “ನಾಕ್ನೇ ಜ್ವರ ಎದ್ಮೇಲೆ ಸೊಪ್ಪು ಸಾಲ್ದೆ ಹೋಗದೆ. ಸಿಪ್ಪೆ ತೆಳುವಾಗದೆ” ಎಂದರು. ಗೂಡಿನ ರೈತ ತಲೆ ತಗ್ಗಿಸಿ, “ಹೌದು ಕಣವ್ವ, ತೋಟಕ್ಕೆ ನೀರಿರಲಿಲ್ಲ” ಎಂದ. ಪಕ್ಕದಲ್ಲಿದ್ದ ರೀಲರೊಬ್ಬರು ಬೆರಗಾಗಿ, “ಎಷ್ಟು ವರ್ಷದಿಂದ ಮಾರ್ಕೆಟ್ಟಿಗೆ ಬರ್ತಿದೀರಮ್ಮ?” ಎಂದು ಕೇಳಿದರು.

“ಇವತ್ತೇ ಮೊದ್ಲು” ಎಂದರು ಅತ್ತೆ.

ನನಗೆ ಬಟ್ಟೆ ಮಿಷನ್ನಿನ ನೆನಪು ಅಲ್ಲಿಗೆ ಬಿಟ್ಟೇಹೋಯಿತು.

ಬರುವಾಗ ಜಾನಪದ ಲೋಕದಲ್ಲಿ ಇಳಿದೆವು. ಎಚ್.ಎಲ್. ನಾಗೇಗೌಡರು ಹಳ್ಳಿ ಹಳ್ಳಿ ತಿರುಗಿ ಕೂಡಿಹಾಕಿದ ಹಳೆಯ ಸಾಮಾನುಗಳನ್ನೆಲ್ಲ ನೋಡಿ, ಮರದ ಕೆಳಗೆ ಕಟ್ಟಿಕೊಂಡು ಹೋಗಿದ್ದ ಪುಳಿಯೋಗರೆ ಬಿಚ್ಚಿದೆವು. ಇಂಜಿನ್ನಿಗೂ ಆರಲು ಹೊತ್ತು ಸಿಕ್ಕಿತು.

ನಿಮ್ಮ ಮನೆಯಲ್ಲೂ ಇಂಥ ಗಾಡಿಯಿದ್ದರೆ ಕೆಲವು ಕಿವಿಮಾತು: ಮೊದಲು ಆರ್.ಸಿ. ಪುಸ್ತಕ ಹುಡುಕಿ, ಅದರಲ್ಲಿರುವ ಚಾಸಿ ನಂಬರು, ಇಂಜಿನ್ ನಂಬರು ಗಾಡಿಯ ಮೇಲಿನದಕ್ಕೆ ಹೊಂದುತ್ತದೆಯೇ ನೋಡಿ. ಹೊಂದಿದರೆ ತಪಾಸಣೆ ಮಾಡಿಸಿ ನವೀಕರಿಸಬಹುದು. 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಉಂಟು, ಆದರೆ ಆಗ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಬಿಚ್ಚಿದ ಸಣ್ಣ ಸಾಮಾನನ್ನೆಲ್ಲ ಡಬ್ಬಿಗಳಿಗೆ ಹಾಕಿ ಚೀಟಿ ಅಂಟಿಸಿ, ಬೇಳೆ ಡಬ್ಬಿಯ ಹಾಗೆ. ಮಿರುಗುವ ಕ್ರೋಮಿಯಂ ಭಾಗಗಳನ್ನು ಹುಣಸೆ ನೀರಿನಲ್ಲಿ ಬಹಳ ಹೊತ್ತು ಬಿಡಬೇಡಿ. ಪೆಟ್ರೋಲಿನ ಕೆಲಸ ಒಲೆಯಿಂದ ದೂರವಿರಲಿ. ಮತ್ತೆ, ಆಯಿಲ್ ಎಷ್ಟು ಎಂದು ಮೆಕ್ಯಾನಿಕ್ಕನ್ನು ಕೇಳುವ ಮುಂಚೆ ಮನೆಯ ಹಿರಿಯರನ್ನು ಕೇಳಿ. ಅವರಿಗೆ ಗೊತ್ತಿರುತ್ತದೆ.