ಸೀಸ ಇಳಿದರೆ ಹೃದಯ ಉಳಿಯುತ್ತದೆಯೇ?

ಹೃದಯದ ರಕ್ತನಾಳವನ್ನು ಕೊಳಾಯಿ ಪೈಪಿಗೆ ಹೋಲಿಸಿದರೆ ಸಾಕು, ನಮ್ಮ ಜನ ಅರ್ಧ ನಂಬಿಬಿಡುತ್ತಾರೆ. ಪೈಪಿನಲ್ಲಿ ಕಿಟ್ಟ ಕಟ್ಟಿದೆ, ಔಷಧಿ ಬಿಟ್ಟು ತೊಳೆದರಾಯಿತು, ಆಪರೇಷನ್ ಯಾಕೆ? 'ಕೀಲೇಷನ್' ಚಿಕಿತ್ಸೆಯ ಕರಪತ್ರಗಳು ಹೇಳುವುದು ಇದನ್ನೇ. ಅಂಥದೊಂದು ಕರಪತ್ರವನ್ನು ನಮ್ಮ ಚಾಚಾ ಹಿಡಿದುಕೊಂಡು ಬಂದರು.

ಚಾಚಾ ಮೂವತ್ತು ವರ್ಷ ಬ್ಯಾಟರಿ ಅಂಗಡಿ ನಡೆಸಿದವರು. ಹಳೆಯ ಬ್ಯಾಟರಿ ಒಡೆದು, ಸೀಸ ಕರಗಿಸಿ, ಅದೇ ಕೈಯಲ್ಲಿ ಚಹಾ ಕುಡಿದವರು. ಸಕ್ಕರೆ ಕಾಯಿಲೆ ಇದೆ, ಒಮ್ಮೆ ಹಾರ್ಟ್ ಅಟ್ಯಾಕ್ ಆಗಿದೆ. "ನನ್ನ ಮೈಯಲ್ಲಿ ಇರೋದೇ ಸೀಸ, ಬೇಟಾ. ಅದನ್ನು ತೆಗೆದರೆ ದಿಲ್ ಸರಿಹೋಗುತ್ತಂತೆ" ಎಂದರು. ಕ್ಲಿನಿಕ್ಕಿನವರು ಮೂವತ್ತು ಡ್ರಿಪ್‌ಗಳ ಹಣವನ್ನು ಮುಂಗಡವಾಗಿ ಕೇಳಿದ್ದರು. ಮನೆಯವರ ಕಣ್ಣು ಆಗಲೇ ಚಾಚಿಯ ಬಳೆಗಳ ಮೇಲೆ ಬಿದ್ದಿತ್ತು.

ಮಾತು ಪೂರಾ ಸುಳ್ಳಲ್ಲ ಎಂಬುದೇ ಇಲ್ಲಿನ ತೊಡಕು. ಸೀಸ ರಕ್ತದೊತ್ತಡ ಏರಿಸುತ್ತದೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್‌ಗಳಿಂದ ಹೃದಯಕ್ಕೆ ಅಪಾಯವೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ಹೇಳಿತು. ಇಡಿಟಿಎ ಎಂಬ ರಾಸಾಯನಿಕ ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವುದೂ ನಿಜ. ಸೀಸದ ವಿಷವೇರಿದವರಿಗೆ ಅದು ಹಳೆಯ ಔಷಧಿ. 1950ರ ದಶಕದಲ್ಲಿ ಡೆಟ್ರಾಯಿಟ್‌ನ ಡಾ. ನಾರ್ಮನ್ ಕ್ಲಾರ್ಕ್ ಅದನ್ನು ಎದೆನೋವಿನ ರೋಗಿಗಳಿಗೂ ಕೊಟ್ಟರು. ಆಮೇಲಿನ ಅರ್ಧ ಶತಮಾನ ನಂಬುವವರು ನಂಬಿದರು, ನಗುವವರು ನಕ್ಕರು. ತಪ್ಪು ಬಗೆಯ ಇಡಿಟಿಎ ಏರಿಸಿ, ರಕ್ತದ ಕ್ಯಾಲ್ಸಿಯಂ ಕುಸಿದು ಜೀವ ಹೋದದ್ದೂ ಉಂಟು.

ಕೊನೆಗೆ ಡಾ. ಗರ್ವಾಸಿಯೋ ಲಾಮಾಸ್ ಅವರ ತಂಡ ಹೃದಯಾಘಾತವಾಗಿದ್ದ 1708 ಮಂದಿಯ ಮೇಲೆ ಪರೀಕ್ಷೆ ನಡೆಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿತು. ಸ್ವಲ್ಪ ಲಾಭ ಕಂಡಿತು, ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚೇ ಕಂಡಿತು. ಚಾಚಾ ತಂದ ಕರಪತ್ರ ಅಲ್ಲಿಗೇ ನಿಂತಿದೆ. ಲಾಮಾಸ್ ನಿಲ್ಲಲಿಲ್ಲ. ಈ ಬಾರಿ ಹೃದಯಾಘಾತವೂ ಸಕ್ಕರೆ ಕಾಯಿಲೆಯೂ ಇದ್ದ ಸುಮಾರು ಸಾವಿರ ಜನರನ್ನೇ ಆರಿಸಿ, ವಾರಕ್ಕೊಂದರಂತೆ 40 ಡ್ರಿಪ್ ಏರಿಸಿದರು. ಅರ್ಧ ಜನರಿಗೆ ಔಷಧಿಯಿಲ್ಲದ ಡ್ರಿಪ್. 2024ರಲ್ಲಿ ಬಂದ ಫಲಿತಾಂಶದಂತೆ ಔಷಧಿ ಪಡೆದವರ ರಕ್ತದ ಸೀಸ ಶೇ. 61ರಷ್ಟು ಇಳಿದಿತ್ತು. ಆದರೆ ಸಾವು, ಹೃದಯಾಘಾತ, ಪಾರ್ಶ್ವವಾಯು ಮುಂತಾದ ಆಪತ್ತು ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು 36 ಮಂದಿಗೆ ಬಂದಿತ್ತು. ಸೀಸ ಇಳಿಯಿತು, ಹೃದಯಕ್ಕೆ ಅದರಿಂದ ಏನೂ ಆಗಲಿಲ್ಲ. ವರ್ಷಗಟ್ಟಲೆ ತಾವೇ ಹಿಂದೆ ಬಿದ್ದಿದ್ದ ಔಷಧಿ ಸೋತಿತೆಂದು ಅಚ್ಚುಹಾಕಿಸಿದ ಆ ಡಾಕ್ಟರ ಬಗ್ಗೆ ನಮಗೆ ಗೌರವ ಮೂಡಿತು.

ಚಾಚಾ ಕೇಳಿಸಿಕೊಂಡು, "ಅವರೇನು ಬ್ಯಾಟರಿ ಒಡೆದವರಾ?" ಎಂದರು. ನ್ಯಾಯವಾದ ಪ್ರಶ್ನೆ. ಅಲ್ಲಿನ ರೋಗಿಗಳ ರಕ್ತದಲ್ಲಿ ಸೀಸ ಮೊದಲೇ ಕಡಿಮೆಯಿತ್ತು. ಅದಕ್ಕೇ ನಾವು ಹೇಳಿದ್ದು: ಮೊದಲು ರಕ್ತ ಪರೀಕ್ಷೆ ಮಾಡಿಸೋಣ, ವಿಷದ ಮಟ್ಟದಲ್ಲಿದ್ದರೆ ಅದು ಬೇರೆಯೇ ಚಿಕಿತ್ಸೆ, ದೊಡ್ಡಾಸ್ಪತ್ರೆಯ ಕೆಲಸ. ಹೃದಯದ ಮಾತ್ರೆಗಳನ್ನಂತೂ ಬಿಡುವ ಹಾಗಿಲ್ಲ.

ಭಾರತದಲ್ಲಿ ಪೆಟ್ರೋಲಿಗೆ ಸೀಸ ಬೆರೆಸುವುದು 2000ದಲ್ಲಿ ನಿಂತಿತು. ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ತುಪ್ಪಿಲ್ ವೆಂಕಟೇಶ್ ಅವರಂಥವರು ಮಕ್ಕಳ ರಕ್ತದಲ್ಲಿನ ಸೀಸವನ್ನು ಅಳೆದು ತೋರಿಸುತ್ತಿದ್ದ ಕಾಲ ಅದು. ಒಂದೂ ಡ್ರಿಪ್ ಇಲ್ಲದೆ ಊರೂರಿನ ಗಾಳಿಯಿಂದ ಸೀಸ ಇಳಿಯಿತು. ಮೂಳೆಗೆ ಇಳಿದ ಸೀಸ ಮಾತ್ರ ದಶಕಗಟ್ಟಲೆ ಅಲ್ಲೇ ಕೂತಿರುತ್ತದೆ.

ಚಾಚಿಯ ಬಳೆಗಳು ಸದ್ಯಕ್ಕೆ ಉಳಿದಿವೆ. ಅಂಗಡಿಯನ್ನು ಈಗ ಚಾಚಾರ ಮಗ ನೋಡಿಕೊಳ್ಳುತ್ತಾನೆ. ಕರಗಿಸುವ ಕುಲುಮೆ ಮನೆಯ ಹಿತ್ತಲಲ್ಲೇ ಇದೆ, ಅವನ ಬಟ್ಟೆ ಮಕ್ಕಳ ಬಟ್ಟೆಯ ಜೊತೆಗೇ ಒಗೆಯುವ ಕಲ್ಲಿಗೆ ಬೀಳುತ್ತದೆ. ಮಕ್ಕಳ ರಕ್ತವನ್ನೂ ಪರೀಕ್ಷಿಸೋಣ, ಕುಲುಮೆಯನ್ನು ಅಲ್ಲಿಂದ ತೆಗೆಸೋಣ ಎಂದೆವು. "ತೆಗೆದು ಎಲ್ಲಿಗೆ ಒಯ್ಯಲಿ ಭಾಯಿಜಾನ್? ಬಾಡಿಗೆ ನೀವು ಕೊಡ್ತೀರಾ?" ಎಂದು ಕೇಳುತ್ತಿದ್ದಾನೆ.