ಜೀರಿಗೆ ಮಿಡಿ

ಸಾಗರ ಸೀಮೆಯಲ್ಲಿ ಹುಟ್ಟಿದವರಿಗೆ ಅಪ್ಪೆಮಿಡಿಯ ಬಗ್ಗೆ ಹೇಳಬೇಕಿಲ್ಲ. ಪುಣೆಯ ನನ್ನ ಸಹೋದ್ಯೋಗಿಗಳಿಗೆ ಮಾತ್ರ ಪ್ರತಿ ಸಲ ಬಿಡಿಸಿ ಹೇಳಬೇಕು: ಇದು ಹಣ್ಣಿಗಲ್ಲ, ಉಪ್ಪಿನಕಾಯಿಗೆಂದೇ ಇರುವ ಮಾವು. ಹಣ್ಣಾದರೆ ಬರೀ ನಾರು, ಹುಳಿ. ಇದರ ಜೀವವೆಲ್ಲ ತೊಟ್ಟಿನ ಸೊನೆಯಲ್ಲಿ. ನಮ್ಮ ತೋಟದಂಚಿನ ಹೊಳೆ ಬದಿಯ ಮರದ ಮಿಡಿಯ ತೊಟ್ಟು ಮುರಿದರೆ ಜೀರಿಗೆ ಜಜ್ಜಿದ ಘಮ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಲ್ಲಿ ಕೊಳೆಯುತ್ತದೆ. ಹಾಗಾಗಿ ಮರ ಹತ್ತಿದವನು ತೊಟ್ಟಿನ ಸಮೇತ ಕೊಯ್ದು, ಬುಟ್ಟಿಯನ್ನು ಹಗ್ಗದಲ್ಲಿ ಇಳಿಸುತ್ತಿದ್ದ. ಕೆಳಗೆ ಅಮ್ಮ ಕಾದು ನಿಂತಿರುತ್ತಿದ್ದಳು.

ಆ ಮರಕ್ಕೆ ಬಂದಳಿಕೆ ಹತ್ತಿತ್ತು. ಕಸಿ ಕಟ್ಟಿಕೊಳ್ಳಬೇಕೆಂದು ಅಪ್ಪಯ್ಯ ಹೇಳತೊಡಗಿ ನಾಲ್ಕು ವರ್ಷವಾಗಿತ್ತು. ಗೊರಟಿನಿಂದೆದ್ದ ಸಸಿಯಲ್ಲಿ ಅದೇ ಘಮ ಬರುವ ಭರವಸೆಯಿಲ್ಲ, ಮರದ ಕಡ್ಡಿಯೇ ಬೇಕು. 'ಈ ರಿಲೀಸ್ ಮುಗೀಲಿ' ಎನ್ನುತ್ತಿದ್ದೆ. ಊರಲ್ಲಿ ಕಸಿ ಕಟ್ಟುವವರಿದ್ದರು. ನಾನೇ ಕಟ್ಟುತ್ತೇನೆಂದು ಹಟ ಹಿಡಿದವನೂ ನಾನೇ. ಎಂ.ಟೆಕ್. ಮಾಡಿದವನಿಗೆ ಯೂಟ್ಯೂಬ್ ನೋಡಿದರೆ ಎಲ್ಲವೂ ಬರುತ್ತದೆಂಬ ಭ್ರಮೆ. ಈ ಮಧ್ಯೆ ಅಮ್ಮ ಹೋದಳು. ಅವಳು ಹಾಕಿದ ಕೊನೆಯ ಉಪ್ಪಿನಕಾಯಿ ಇನ್ನೂ ನಮ್ಮ ಫ್ರಿಜ್ಜಿನಲ್ಲಿದೆ. ಹಬ್ಬಕ್ಕೊಂದು ಮಿಡಿ ತೆಗೆಯುತ್ತೇವೆ.

ಹಿಂದಿನ ವರ್ಷ ಜೂನ್‌ನಲ್ಲಿ ಫೋನ್ ಬಂತು. "ಬರದಾದ್ರೆ ಈಗ್ಲೇ ಬಾ ತಮಾ. ಮರ ಈ ಮಳೆಗಾಲ ದಾಟ್ತಿಲ್ಲೆ."

ಒಂದೇ ಕೊಂಬೆ ಹಸಿರಿತ್ತು. ತುದಿ ಕಡ್ಡಿಗಳ ಎಲೆಯನ್ನು ತೊಟ್ಟಷ್ಟೇ ಉಳಿಸಿ ಸವರಿದೆವು. ವಾರ ಕಾದು, ಮೊಗ್ಗು ಉಬ್ಬಿದ ಮೇಲೆ ಕತ್ತರಿಸಿದೆವು. ಕಾಟುಮಾವಿನ ಹನ್ನೆರಡು ಸಸಿಗಳ ತಲೆ ತೆಗೆದು, ಸೀಳಿ, ಉಳಿಯಂತೆ ಚೂಪು ಮಾಡಿದ ಕಡ್ಡಿ ಕೂರಿಸಿದೆ. ಪ್ಲಾಸ್ಟಿಕ್ ಪಟ್ಟಿ ಬಿಗಿದು ಮೇಲೆ ಐಸ್‌ಕ್ಯಾಂಡಿ ಕವರ್ ತೊಡಿಸಿದೆ. ಅಪ್ಪಯ್ಯನ ಕೈ ನಡುಗುತ್ತದೆ, ಕಣ್ಣು ಮಾತ್ರ ಚುರುಕು. "ಸಿಪ್ಪೆಗೆ ಸಿಪ್ಪೆ ಕೂತಿದ್ದಿಲ್ಲೆ" ಎಂದು ಮೊದಲ ಐದನ್ನು ಬಿಚ್ಚಿಸಿದರು. ಬದುಕಿದ್ದು ಮೂರು. ಆಗಸ್ಟಿನ ಗಾಳಿಗೆ ಮರ ಹೊಳೆಗೆ ಅಡ್ಡ ಬಿತ್ತು.

ಕಸಿ ಗಿಡಕ್ಕೆ ಹೂವಿನ ಅವಸರ. ಮೊದಲ ಮೂರ್ನಾಲ್ಕು ವರ್ಷ ಹೂ ಚಿವುಟಬೇಕು, ಇಲ್ಲದಿದ್ದರೆ ಗಿಡ ಬಡವಾಗುತ್ತದೆ. ಇದನ್ನು ಹೇಳಿಕೊಟ್ಟವರು ಅಪ್ಪಯ್ಯನೇ. ಈ ಜನವರಿಯಲ್ಲಿ ಮೊಣಕಾಲೆತ್ತರದ ಒಂದು ಗಿಡ ಹೂ ಬಿಟ್ಟದ್ದನ್ನು ವಿಡಿಯೊ ಕಾಲ್‌ನಲ್ಲಿ ತೋರಿಸಿದರು. ಚಿವುಟಿಲ್ಲವಾ ಎಂದೆ.

"ನಂಗೆ ಎಂಬತ್ತೊಂದು," ಎಂದರು. "ಒಂದು ಮಿಡಿ ಕಚ್ಚಲಿ. ತೊಟ್ಟು ಮುರಿದು ಮೂಸಿ ನೋಡ್ತಿ."

ಮಾರ್ಚ್‌ಗೆ ರಜೆ ಹಾಕಿದ್ದೇನೆ.