ಕತ್ತರಿ ಹಿಡಿದ ಕೈ

ಗಿಡಗಳ ವಿಷಯದಲ್ಲಿ ನನಗೆ ಮೊದಲಿನಿಂದಲೂ ತುಸು ಜಂಬ. ಮೈಸೂರಿನ ನಮ್ಮ ಹಿತ್ತಲಿನ ಮಲ್ಲಿಗೆಯನ್ನು ಚಳಿಗಾಲದಲ್ಲಿ ಸವರಿಬಿಟ್ಟರೆ, ಬೇಸಿಗೆಯ ಹೊತ್ತಿಗೆ ಹೊಸ ಚಿಗುರುಗಳ ತುಂಬ ಮೊಗ್ಗು. ಮೂವತ್ತು ವರ್ಷ ಹಾಗೆಯೇ ಮಾಡಿದವನಿಗೆ, ಹೂಗಿಡಗಳಿಗೆಲ್ಲ ಇದೊಂದೇ ಶಾಸ್ತ್ರವೆಂಬ ಭ್ರಮೆ ಹುಟ್ಟಿತ್ತು. ಅದು ಕಳಚಿದ್ದು ದೂರದ ಅಮೆರಿಕದಲ್ಲಿ.

2016ರ ಮೇ ತಿಂಗಳಿನಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಅಲ್ಲಿನ ಹೈಲ್ಯಾಂಡ್ ಪಾರ್ಕಿನಲ್ಲಿ ಜಾನ್ ಡನ್‌ಬಾರ್ ಎಂಬ ತೋಟಗಾರಿಕಾ ತಜ್ಞರು 1892ರಲ್ಲಿ 20 ಬಗೆಯ ಲೈಲಾಕ್ ಗಿಡಗಳನ್ನು ನೆಡಿಸಿದ್ದರು. ಇಂದು ಅಲ್ಲಿ 500ಕ್ಕೂ ಹೆಚ್ಚು ಬಗೆಗಳಿವೆ. ಪ್ರತಿ ಮೇ ತಿಂಗಳಿನಲ್ಲಿ ಅವುಗಳ ಉತ್ಸವವೇ ನಡೆಯುತ್ತದೆ. ನಾಲ್ಕೇ ಎಸಳಿನ ಪುಟ್ಟ ಹೂಗಳು ಒತ್ತೊತ್ತಾಗಿ ಸೇರಿದ ನೇರಳೆ, ಬಿಳಿ, ಗುಲಾಬಿ ಗೊಂಚಲುಗಳು. ಗುಡ್ಡದ ಇಳಿಜಾರಿನ ತುಂಬ ಪರಿಮಳ.

ಸೊಸೆ ತನ್ನ ಮನೆಯಂಗಳದಲ್ಲಿಯೂ 2013ರಲ್ಲಿ ಒಂದು ಲೈಲಾಕ್ ಸಸಿಯನ್ನು ನೆಟ್ಟಿದ್ದಳು. ಆ ವರ್ಷ ಮೊದಲ ಬಾರಿಗೆ ಎರಡು ಗೊಂಚಲು ಬಿಟ್ಟಿತ್ತು. ಶಿವಮೊಗ್ಗದಲ್ಲಿದ್ದ ಅವಳ ತಾಯಿ ಮುಂದಿನ ಮೇಯಲ್ಲಿ ಬರುವವರಿದ್ದರು. "ಅಮ್ಮ ಬರೋ ಹೊತ್ತಿಗೆ ಗಿಡದ ತುಂಬ ಹೂವಿರುತ್ತೆ ಮಾವ" ಎಂದು ಹಿಗ್ಗಿದ್ದಳು.

ಬೇಸಿಗೆ ಕಳೆಯಿತು. ಹೃದಯದಾಕಾರದ ಎಲೆಗಳ ಮೇಲೆ ವಿಭೂತಿ ಬಳಿದಂತೆ ಬೂದಿರೋಗ ಕಾಣಿಸಿತು. ಅಕ್ಟೋಬರಿನಲ್ಲಿ ಊರಿಗೆ ಹೊರಡುವ ಮುನ್ನ, ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ, ಗಿಡಕ್ಕೆ ಉಪಕಾರ ಮಾಡುವ ಉತ್ಸಾಹದಿಂದ ಪ್ರತಿ ರೆಂಬೆಯನ್ನೂ ಮೊಳದುದ್ದ ಕತ್ತರಿಸಿದೆ. ಸಂಜೆ ಮನೆಗೆ ಬಂದ ಸೊಸೆ ಒಂದು ಕ್ಷಣ ಅಲ್ಲಿಯೇ ನಿಂತಳು. "ಚೊಕ್ಕಟವಾಯ್ತು ಮಾವ" ಎಂದು ಹೇಳಿ ಒಳಗೆ ಹೋದಳು.

2017ರ ಮೇಯಲ್ಲಿ ಫೋನಿನಲ್ಲಿ ಕೇಳಿದೆ. "ಈ ವರ್ಷ ಬರಲಿಲ್ಲ ಮಾವ" ಎಂದಳು. ಬೀಗಿತ್ತಿಯವರು ಬರಿಯ ಎಲೆಗಳನ್ನು ನೋಡಿಕೊಂಡು ಹಿಂದಿರುಗಿದರು. ಆಮೇಲೆ ಮೊಣಕಾಲು ನೋವಿನಿಂದಾಗಿ ಅವರಿಗೆ ಅಷ್ಟು ದೂರದ ಪ್ರಯಾಣ ಸಾಧ್ಯವಾಗಲಿಲ್ಲ.

2019ರಲ್ಲಿ ಮತ್ತೆ ಹೋದಾಗ, ಅದೇ ಪಾರ್ಕಿನ ಕೆಲಸಗಾರರೊಬ್ಬರಿಂದ ಕಾರಣ ತಿಳಿಯಿತು. ಲೈಲಾಕ್ ಹೂ ಬಿಡುವುದು ಹಿಂದಿನ ವರ್ಷದ ಕಡ್ಡಿಯಲ್ಲಿ. ಹೂ ಮುಗಿದ ಬೇಸಿಗೆಯಲ್ಲಿಯೇ ಮುಂದಿನ ವರ್ಷದ ಮೊಗ್ಗು ರೆಂಬೆಯ ತುದಿಯಲ್ಲಿ ಕೂಡುತ್ತದೆ. ಚಳಿಗಾಲದ ದೀರ್ಘ ಶೀತವನ್ನುಂಡು ವಸಂತದಲ್ಲಿ ಅರಳುತ್ತದೆ. ಬೂದಿರೋಗದಿಂದ ಗಿಡ ಕಳೆಗುಂದಿದಂತೆ ಕಂಡರೂ ಸಾಯುವುದಿಲ್ಲ. ಸವರುವುದಿದ್ದರೆ ಹೂ ಬಾಡಿದ ಕೂಡಲೇ ಸವರಬೇಕು. ರೋಗವೆಂದು ನಾನು ಕತ್ತರಿಸಿ ಎಸೆದದ್ದು ಮುಂದಿನ ವರ್ಷದ ಹೂಗಳನ್ನು! ಸೊಸೆಗೆ ಇದು ಆ ಸಂಜೆಯೇ ಗೊತ್ತಿತ್ತು.

ಅಂದು ರಾತ್ರಿ ನಿದ್ರೆ ಬರಲಿಲ್ಲ. ನೆನಪಾದದ್ದು ಹತ್ತನೆಯ ತರಗತಿಯ ಒಬ್ಬ ಹುಡುಗ. ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ಮುಖ್ಯ ಪಾತ್ರ ಅವನದು. ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಅಂಕ ಕಡಿಮೆಯಾಯಿತೆಂದು, ಅವನ ಒಳಿತಿಗೆಂದೇ, ಪಟ್ಟಿಯಿಂದ ಹೆಸರನ್ನು ಹೊಡೆದು ಹಾಕಿದೆ. ಅವನು ತೇರ್ಗಡೆಯಾದ, ಮತ್ತೆಂದೂ ರಂಗದ ಮೇಲೆ ಹತ್ತಲಿಲ್ಲ. ಎಷ್ಟೋ ವರ್ಷಗಳ ಮೇಲೆ ಒಂದು ಮದುವೆಯಲ್ಲಿ ಸಿಕ್ಕಿದಾಗ "ಆವತ್ತು ನೀವು ಮಾಡಿದ್ದು ಸರಿ ಸಾರ್" ಎಂದು ಕಾಲಿಗೆರಗಿದ. ಅದನ್ನು ಮೆಚ್ಚುಗೆಯೆಂದೇ ಸ್ವೀಕರಿಸಿದ್ದೆ. ಅದೂ "ಚೊಕ್ಕಟವಾಯ್ತು ಮಾವ" ಎಂಬಂಥ ಮಾತೇ ಆಗಿದ್ದೀತೆಂದು ಈಗ ಅನಿಸುತ್ತಿದೆ. ಅವನು ಇದನ್ನು ಓದುತ್ತಿದ್ದರೆ, ಅವನ ಮೇಷ್ಟ್ರಿಗೆ ತಡವಾಗಿಯಾದರೂ ತಿಳಿಯಿತೆಂದುಕೊಳ್ಳಲಿ.

ಮರುದಿನ ಬೆಳಗ್ಗೆ ಸೊಸೆಯೊಡನೆ ತಪ್ಪೊಪ್ಪಿಕೊಂಡೆ. ನಕ್ಕುಬಿಟ್ಟಳು. ಆ ವರ್ಷ ಗಿಡದ ತುಂಬ ಹೂವಿತ್ತು. ಜೂನಿನಲ್ಲಿ ಗೊಂಚಲುಗಳು ಬಾಡಿದಾಗ ಕತ್ತರಿಯನ್ನು ಅವಳೇ ತಂದು ನನ್ನ ಕೈಗಿತ್ತು, "ಈಗ ಕತ್ತರಿಸಿ ಮಾವ" ಎಂದಳು. ಪ್ರತಿ ರೆಂಬೆಗೂ ಎಲ್ಲಿ ಕತ್ತರಿಸಲೆಂದು ಅವಳನ್ನು ಕೇಳಿಯೇ ಕತ್ತರಿಸಿದೆ.